ಪೊದೆಗೆ ಸಿಕ್ಕಿದ ಟಗರು

ವಾಸಣ್ಣನನ್ನು ಆ ನಡುವಿನ ಕುರ್ಚಿಯಲ್ಲಿ ಕೂರಿಸಿದ್ದೇ ಎಲ್ಲ ಗೊಂದಲಕ್ಕೂ ಮೂಲ. ಠಾಣೆಯ ನೌಪಾಡಾದ ಡಯಾಲಿಸಿಸ್ ಸೆಂಟರಿನಲ್ಲಿ ಬೇರೆ ಕುರ್ಚಿ ಇರಲಿಲ್ಲವೇ? ಟೀವಿ ಎದುರು ಒಂದಿತ್ತು, ಕಿಟಕಿ ಪಕ್ಕ ಒಂದಿತ್ತು. ಆದರೆ ಅಲ್ಲಿನ ನಿಶ್ಮಿತಾ ಸಿಸ್ಟರ್ ಕುಂದಾಪುರದ ಕಡೆಯವಳು, ಊರಿನವರೆಂದರೆ ಅವಳಿಗೆ ಪ್ರಾಣ. "ವಾಸಣ್ಣ, ನೀವು ಇಲ್ಲಿ ಕೂತ್ಕೊಳ್ಳಿ. ಈಚೆ ಸೋನ್ಸ್ ಮಾಸ್ತರ್, ನಮ್ಮ ಮೂಲ್ಕಿಯವರು. ಆಚೆ ಪೆಣಕರ್ ಕಾಕಾ, ಒಳ್ಳೆ ಜನ. ಹೊತ್ತು ಹೋದದ್ದೇ ಗೊತ್ತಾಗುದಿಲ್ಲ" ಅಂದಳು. ಹೊತ್ತು ಹೋಯಿತು, ಸರಿ. ಅದರ ಜೊತೆ ವಾಸಣ್ಣನ ತಲೆಯೂ ಹೋಯಿತು.

ಸೋನ್ಸ್ ಮಾಸ್ತರರು ಕಲ್ಯಾಣದಲ್ಲಿ ಮನೆ ಮಾಡಿಕೊಂಡಿದ್ದ ಪ್ರೊಟೆಸ್ಟೆಂಟ್ ಕ್ರಿಶ್ಚಿಯನ್ನರು. ಕನ್ನಡ ಶಾಲೆಯಲ್ಲಿ ಕಲಿಸಿ ರಿಟೈರ್ ಆದವರು, ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುವವರು. ಪೆಣಕರ್ ಕಾಕಾ ಠಾಣೆಯ ಯಹೂದಿ. ಯಹೂದಿ ಅಂದ ಕೂಡಲೇ ಎಲ್ಲಿಯೋ ಫಾರಿನ್‌ನವರು ಅಂತ ತಿಳಿಯಬೇಡಿ ಮತ್ತೆ. ಅವರ ಹಿರಿಯರು ಯಾವ ಕಾಲದಲ್ಲೋ ಕೊಂಕಣದ ಕಡಲ ಬದಿಗೆ ಬಂದು, ಎಣ್ಣೆ ಗಾಣ ಹಾಕಿ, ಇಲ್ಲಿಯವರೇ ಆಗಿಹೋದವರು. ಮನೆಮಾತು ಮರಾಠಿ, ಊಟಕ್ಕೆ ತೆಂಗಿನ ಹಾಲಿನ ಸಾರು, ಶನಿವಾರ ಪ್ರಾರ್ಥನೆಗೆ ಸಿನಗಾಗ್. ರೈಲ್ವೆ ಆಫೀಸಿನಲ್ಲಿ ದುಡಿದು ಪೆನ್ಶನ್ ತಿನ್ನುತ್ತಿದ್ದರು.

ಈ ಇಬ್ಬರ ಜಗಳ ಏನೆಂದರೆ, ಇಬ್ಬರದ್ದೂ ಒಂದೇ ಗ್ರಂಥ. ಪೆಣಕರರದ್ದು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮಾಸ್ತರರದ್ದು ಮುಂದುವರಿಯುತ್ತದೆ. ಹಿಸ್ಸೆಯಾದ ಮನೆಯ ಜಗಲಿಗಾಗಿ ಅಣ್ಣತಮ್ಮ ಕಚ್ಚಾಡುತ್ತಾರಲ್ಲ, ಹಾಗೆ ಆ ಮೊದಲ ಭಾಗಕ್ಕಾಗಿ ಇವರಿಬ್ಬರು. ನಡುವೆ ವಾಸಣ್ಣ, ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು. ಎದ್ದು ಓಡಿಹೋಗುವ ಹಾಗೂ ಇಲ್ಲ. ಮೈಯ ರಕ್ತವೆಲ್ಲ ನಳಿಗೆಯಲ್ಲಿ ಹೊರಗೆ ಹೋಗಿ, ಮಶೀನಿನಲ್ಲಿ ತೊಳೆದು, ಪುನಃ ಒಳಗೆ ಬರುವಷ್ಟು ಹೊತ್ತು ಕೇಳಲೇಬೇಕು.

ಆ ವರ್ಷ ಶುಭಶುಕ್ರವಾರಕ್ಕೆ ಮಾಸ್ತರರದ್ದೇ ಪ್ರಸಂಗ ಅಂತ ಚರ್ಚಿನಲ್ಲಿ ತೀರ್ಮಾನವಾಗಿತ್ತು. ವಿಷಯ, ಇಸ್ರಾಯೇಲರ ಹಳೆಯ ಪೂಜೆಯಲ್ಲಿ ಕ್ರಿಸ್ತನ ನೆರಳು. ಪ್ರಾಕ್ಟೀಸ್ ಮಾಡಲು ಅವರಿಗೆ ಕೇಳುವ ಕಿವಿ ಬೇಕು. ವಾಸಣ್ಣನ ಕಿವಿ ಖಾಲಿ ಇತ್ತು.

"ನೋಡಿ ವಾಸು, ಮರುಭೂಮಿಯಲ್ಲಿ ಅವರದ್ದೊಂದು ಗುಡಾರ. ಅದೇ ಅವರ ದೇವಸ್ಥಾನ. ಅದಕ್ಕೆ ಒಂದೇ ಬಾಗಿಲು. ಆ ಬಾಗಿಲೇ ಕ್ರಿಸ್ತ. ಒಳಗೆ ಹೋದ ಕೂಡಲೇ ಬಲಿಪೀಠ, ಅದು ಶಿಲುಬೆ. ಮತ್ತೆ ನೀರಿನ ತೊಟ್ಟಿ, ಅದು ದೀಕ್ಷಾಸ್ನಾನ. ಅದರಿಂದ ಒಳಗೆ ದೀಪ, ರೊಟ್ಟಿ, ಧೂಪ. ಎಲ್ಲಕ್ಕೂ ಒಳಗೆ, ತೆರೆಯ ಹಿಂದೆ, ಮಹಾಪವಿತ್ರಸ್ಥಾನ. ಅಲ್ಲಿಗೆ ದೊಡ್ಡ ಪುರೋಹಿತನೊಬ್ಬನೇ ಹೋಗಬಹುದು, ಅದೂ ವರ್ಷಕ್ಕೊಂದೇ ದಿವಸ, ರಕ್ತ ತೆಗೆದುಕೊಂಡು."

"ಅರೆ, ಇದು ನಮ್ಮ ಊರಿನ ದೇವಸ್ಥಾನದ ಪ್ಲಾನೇ ಅಲ್ವಾ ಮಾಸ್ತರೇ?" ಅಂದ ವಾಸಣ್ಣ. "ಬಲಿಕಲ್ಲು ಉಂಟು, ಕೆರೆ ಉಂಟು, ದೀಪ ಉಂಟು, ನೈವೇದ್ಯ ಉಂಟು, ಗರ್ಭಗುಡಿಗೆ ತೆರೆ ಎಳೀತಾರೆ. ಭಟ್ಟರು ಬಿಟ್ಟು ಬೇರೆಯವರು ಒಳಗೆ ಹೋಗುವ ಹಾಗಿಲ್ಲ."

"ಹಾಗಲ್ಲ ಮಾರಾಯ್ರೆ, ಅದು ಬೇರೆ, ಇದು ಬೇರೆ."

"ಎಲ್ಲವೂ ಬೇರೆಯೇ!" ಅಂತ ಎಡಗಡೆಯಿಂದ ಪೆಣಕರರು ಮರಾಠಿಯಲ್ಲಿ ಗುಡುಗಿದರು. ಕನ್ನಡ ಬಾರದಿದ್ದರೂ ಗುಡಾರ, ಕ್ರಿಸ್ತ ಅನ್ನುವ ಶಬ್ದಗಳು ಕಿವಿಗೆ ಬಿದ್ದರೆ ಸಾಕು, ಅವರಿಗೆ ಪೂರ್ತಿ ಅರ್ಥವಾಗುತ್ತಿತ್ತು. "ವಾಸುಶೇಠ್, ಬಾಗಿಲು ಅಂದರೆ ಬಾಗಿಲು. ದೀಪ ಅಂದರೆ ದೀಪ. ಕತ್ತಲಾಗ್ತದಲ್ಲ, ಅದಕ್ಕೆ ದೀಪ. ನಮ್ಮ ಅಜ್ಜ ಕಟ್ಟಿಸಿದ ಮನೆಯಲ್ಲಿ ಇವರು ಬಂದು ಪ್ರತಿ ಗೋಡೆ ಮೇಲೂ ತಮ್ಮ ಮಗನ ಫೋಟೋ ತೂಗು ಹಾಕ್ತಾರೆ!"

ಮಾಸ್ತರರಿಗೆ ಸಿಟ್ಟು ಬಂತು. ಬೀಪಿ ಏರಿ ಮಶೀನು ಕೂಗಿಕೊಂಡಿತು. ನಿಶ್ಮಿತಾ ಓಡಿ ಬಂದು ಮೂವರಿಗೂ ಒಟ್ಟಿಗೇ ಬೈದಳು. ನಡುವೆ ಕೂತ ತಪ್ಪಿಗೆ ವಾಸಣ್ಣನಿಗೂ ಪಾಲು ಸಿಕ್ಕಿತು.

ಕುರಿಮರಿಯ ವಿಷಯ ಬಂದಾಗ ಮಾತ್ರ ವಾಸಣ್ಣ ನೆಟ್ಟಗೆ ಕೂತ. ತಪ್ಪು ಮಾಡಿದ ಮನುಷ್ಯ ಸಾಯಬೇಕು, ಅವನ ಬದಲು ಕಲೆಯಿಲ್ಲದ ಒಂದು ಮರಿ ಸಾಯುತ್ತದೆ. ಆ ಮರಿಯೇ ಮುಂದೆ ಬರಲಿರುವ ಕ್ರಿಸ್ತನ ಗುರುತು ಅಂದರು ಮಾಸ್ತರರು. ಈ ಬದಲಿಯ ಲೆಕ್ಕ ವಾಸಣ್ಣನಿಗೆ ಚೆನ್ನಾಗಿ ಗೊತ್ತು. "ನಮ್ಮ ಹೋಟೆಲಲ್ಲಿ ಆಯುಧಪೂಜೆಗೆ ಬೂದುಗುಂಬಳಕ್ಕೆ ಕುಂಕುಮ ತುಂಬಿಸಿ ಒಡೀತೇವೆ ಮಾಸ್ತರೇ. ಹಿಂದೆ ಅಲ್ಲಿ ಕುರಿಯೋ ಕೋಳಿಯೋ ಇದ್ದಿರಬೇಕು. ಈಗ ಅದರ ಬದಲು ಕುಂಬಳಕಾಯಿ. ಅಂದರೆ ಕೆಳಗೆ ಕೆಳಗೆ ಹೋಗ್ತಾ ಇದೆ, ಜೀವ ಉಳೀತಾ ಇದೆ. ನಿಮ್ಮದರಲ್ಲಿ ಮನುಷ್ಯನ ಬದಲು ಕುರಿ ಬಂತು, ಒಳ್ಳೇದೇ ಆಯ್ತು. ಮತ್ತೆ ಕುರಿಯ ಬದಲು ಪುನಃ ಮನುಷ್ಯನನ್ನೇ ತಂದಿರಲ್ಲ, ಅದೆಂತದು ಉಲ್ಟಾ?"

ಅದನ್ನೇ ಮರಾಠಿಯಲ್ಲಿ ಹೇಳಿದಾಗ ಪೆಣಕರರು ಎಷ್ಟು ನಕ್ಕರೆಂದರೆ ಅವರ ಮಶೀನೂ ಕೂಗಿತು. ಮಾಸ್ತರರು ನಗಲಿಲ್ಲ. "ಮನುಷ್ಯ ಅಲ್ಲ ವಾಸು, ದೇವರ ಮಗ. ತಾನಾಗಿಯೇ ಬಂದ. ಯಾರೂ ಎಳೆದು ತಂದದ್ದಲ್ಲ. ಪ್ರೀತಿಯಿಂದ ಕೊಟ್ಟ. ಅದೇ ಇರೋದು ವ್ಯತ್ಯಾಸ" ಅಂದರು.

ಮಗ, ತಾನಾಗಿಯೇ ಕೊಟ್ಟ. ಈ ಮಾತು ವಾಸಣ್ಣನ ಎದೆಗೆ ಹೋಗಿ ನಾಟಿತು. ಯಾಕೆಂದರೆ ಅವನ ಮನೆಯಲ್ಲಿ ಅದೇ ನಡೆಯುತ್ತಿತ್ತು.

ವಾಸಣ್ಣನಿಗೆ ಇದ್ದದ್ದು ಒಬ್ಬನೇ ಮಗ, ಸಮಿತ್. ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಅಪ್ಪಅಮ್ಮನ ಜೊತೆಗೇ ವಾಸ. ತುಳು ಅರ್ಥವಾಗುತ್ತದೆ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಪ್ಪನ ಎರಡೂ ಕಿಡ್ನಿ ಕೈಕೊಟ್ಟದ್ದೇ ತಡ, ಅವನು ಯಾರನ್ನೂ ಕೇಳದೆ ಹೋಗಿ ಟೆಸ್ಟ್ ಮಾಡಿಸಿಕೊಂಡು ಬಂದ. "ಪಪ್ಪಾ, ಮ್ಯಾಚ್ ಹೋ ಗಯಾ!" ಅಂದ, ಕ್ರಿಕೆಟ್ ಗೆದ್ದವನ ಹಾಗೆ. ಹೆಂಡತಿ ಪ್ರಫುಲ್ಲಾ ತಾನು ಕೊಡುತ್ತೇನೆಂದು ಹೊರಟಿದ್ದಳು, ಅವಳಿಗೆ ಶುಗರ್ ಅಂತ ಡಾಕ್ಟರು ವಾಪಸು ಕಳಿಸಿದ್ದರು. ಹಾಗಾಗಿ ಉಳಿದದ್ದು ಮಗನೊಬ್ಬನೇ. ಈಸ್ಟರ್ ಕಳೆದ ಮೇಲೆ ಆಪರೇಶನ್ ಅಂತ ಘೋಡಬಂದರ್ ರಸ್ತೆಯ ದೊಡ್ಡ ಆಸ್ಪತ್ರೆಯಲ್ಲಿ ಮಾತೂ ಆಗಿತ್ತು. ವಾಸಣ್ಣ ಹೂಂ ಅನ್ನುವುದೊಂದೇ ಬಾಕಿ.

ಆ ಹೂಂ ಅವನ ಗಂಟಲಿನಿಂದ ಹೊರಡುತ್ತಿರಲಿಲ್ಲ. ಬೆಳಿಗ್ಗೆ ತೆಗೆದುಕೊಳ್ಳೋಣ ಅನ್ನಿಸುತ್ತಿತ್ತು, ಸಂಜೆ ಮಗ ಲೋಕಲ್‌ನಲ್ಲಿ ಹಿಂಡಿಸಿಕೊಂಡು ಬಂದು ಶೂ ಬಿಚ್ಚುವುದನ್ನು ನೋಡಿದರೆ ಥೂ, ನಾನೆಂಥ ಅಪ್ಪ ಅನ್ನಿಸುತ್ತಿತ್ತು. ಬದುಕಬೇಕೆಂಬ ಆಸೆ ಅವನಿಗೆ ಚೆನ್ನಾಗಿಯೇ ಇತ್ತು, ಅದನ್ನು ಮುಚ್ಚಿಡುವುದೇಕೆ? ಮಗನ ಮದುವೆ ನೋಡಬೇಕು, ಠಾಣೆ ಸ್ಟೇಶನ್ ಹತ್ತಿರದ ಹೋಟೆಲಿನ ಗಲ್ಲಾದ ಮೇಲೆ ಪುನಃ ಕೂರಬೇಕು. ಆದರೆ ಮಗನ ಹೊಟ್ಟೆ ಕೊಯ್ಯಿಸಿ ಕೂರುವುದೇ?

ಊರಿನಲ್ಲಾದರೆ ಇಂಥದ್ದಕ್ಕೆ ಒಂದು ದಾರಿ ಇತ್ತು. ದೈವದ ಎದುರು ಕೈಮುಗಿದು ನಿಂತು ಕೇಳುವುದು, ದೈವ ನುಡಿ ಕೊಡುವುದು, ತಲೆಬಾಗಿ ಮನೆಗೆ ಬರುವುದು. ವಾಸಣ್ಣ ಹೋಟೆಲು ಹಾಕಿದ್ದು, ಡೊಂಬಿವಲಿಯಲ್ಲಿ ಫ್ಲಾಟ್ ತೆಗೆದುಕೊಂಡದ್ದು, ಎಲ್ಲವೂ ಹಾಗೆ ಅಪ್ಪಣೆ ಕೇಳಿಯೇ. ಈಗ ಮೈಯಲ್ಲಿ ಊರಿಗೆ ಹೋಗುವ ತ್ರಾಣವಿಲ್ಲ. ಅದಕ್ಕೆ ಏನು ಮಾಡಿದ ಗೊತ್ತುಂಟಾ? ತನ್ನ ಆಚೆ ಈಚೆ ಕೂತ ಇಬ್ಬರು ರೋಗಿಗಳ ಮಾತನ್ನೇ ನುಡಿ ಅಂತ ತೆಗೆದುಕೊಂಡ! ಅವರು ಜಗಳ ಮಾಡುತ್ತಿದ್ದದ್ದು ಯಾವುದೋ ಕಾಲದ ಕುರಿಯ ವಿಷಯಕ್ಕೆ. ಇವನು ಕೇಳಿಸಿಕೊಂಡದ್ದು ತನ್ನ ಮಗನ ವಿಷಯ. ತುಳುನಾಡಿನವರು ಬಿಟ್ಟರೆ ಬೇರೆ ಯಾರೂ ಇಂಥ ತಪ್ಪು ಮಾಡಲಿಕ್ಕಿಲ್ಲ.

ಮುಂದಿನ ಸಲ ಅವನೇ ಕೆದಕಿದ. "ಮಾಸ್ತರೇ, ಅಪ್ಪ ಮಗನ ಕಥೆ ಏನಾದರೂ ಉಂಟಾ ನಿಮ್ಮದರಲ್ಲಿ?"

ಉಂಟಾ ಅಂತ ಕೇಳಬೇಕೇ? ಮಾಸ್ತರರ ಮುಖ ಬೆಳಗಿತು. ಅಬ್ರಹಾಮನೆಂಬ ಮುದುಕ, ತಡವಾಗಿ ಹುಟ್ಟಿದ ಮಗ ಇಸಾಕ. ಮಗನನ್ನು ಬಲಿ ಕೊಡು ಅಂತ ದೇವರ ಅಪ್ಪಣೆ. ಮುದುಕ ಮಗನನ್ನು ಕರೆದುಕೊಂಡು ಬೆಟ್ಟ ಹತ್ತಿದ. ಸುಡಲು ಬೇಕಾದ ಕಟ್ಟಿಗೆಯನ್ನು ಮಗನ ಬೆನ್ನ ಮೇಲೆಯೇ ಹೊರಿಸಿದ. "ನೋಡಿದಿರಾ ವಾಸು? ಅದೇ ಶಿಲುಬೆ ಹೊತ್ತು ನಡೆದ ಕ್ರಿಸ್ತ. ಇಸಾಕ ಗಲಾಟೆ ಮಾಡಲಿಲ್ಲ, ಓಡಿಹೋಗಲಿಲ್ಲ. ಕಟ್ಟಿಗೆಯ ಮೇಲೆ ಮಲಗಿದ. ಮಗ ತನ್ನನ್ನು ತಾನೇ ಕೊಡುವುದು ಅಂದರೆ ಅದು. ಅಂಥ ಪ್ರೀತಿಯನ್ನು ಬೇಡ ಅನ್ನಲಿಕ್ಕೆ ಯಾರಿಗೂ ಅಧಿಕಾರವಿಲ್ಲ. ಮೊಣಕಾಲೂರಿ ತೆಗೆದುಕೊಳ್ಳಬೇಕು."

ಸರಿ, ತೆಗೆದುಕೊಳ್ಳಬೇಕು ಅಂತಾಯಿತು. ವಾಸಣ್ಣನ ಗಂಟಲಲ್ಲಿ ಹೂಂ ಅನ್ನುವುದು ಅರ್ಧಕ್ಕೆ ಬಂದೇ ಬಿಟ್ಟಿತ್ತು.

"ಕಥೆ ಪೂರ್ತಿ ಹೇಳಿ ಗುರೂಜಿ, ಅಲ್ಲೇ ಯಾಕೆ ನಿಲ್ಲಿಸಿದಿರಿ?" ಅಂದರು ಪೆಣಕರರು. ಅವತ್ತು ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಮಗ ಸತ್ತನಾ? ಇಲ್ಲ. ಅಪ್ಪ ಚೂರಿ ಎತ್ತಿದ, ಮೇಲಿನಿಂದ ಕೂಗು ಬಂತು, ಹುಡುಗನ ಮೇಲೆ ಕೈ ಮಾಡಬೇಡ ಅಂತ. ತಲೆ ಎತ್ತಿ ನೋಡಿದರೆ ಒಂದು ಟಗರು, ಕೊಂಬು ಪೊದೆಗೆ ಸಿಕ್ಕಿಹಾಕಿಕೊಂಡು ನಿಂತಿದೆ. ಅದನ್ನು ಕೊಟ್ಟ, ಮಗನನ್ನು ಮನೆಗೆ ಕರೆದುಕೊಂಡು ಬಂದ. ವಾಸುಶೇಠ್, ನಾವು ಪ್ರತಿ ವರ್ಷ ಹೊಸ ವರ್ಷಕ್ಕೆ ಟಗರಿನ ಕೊಂಬು ಊದುವಾಗ ಈ ಕಥೆಯನ್ನೂ ನೆನಪು ಮಾಡ್ಕೊಳ್ತೇವೆ. ಮಗನನ್ನು ಕೊಡುವ ಕಥೆ ಅಲ್ಲ ಅದು. ಮಗನನ್ನು ಮುಟ್ಟಬೇಡ ಅನ್ನುವ ಕಥೆ."

"ಆ ಟಗರೇ ಕ್ರಿಸ್ತ!" ಅಂದರು ಮಾಸ್ತರರು. "ಕೊಂಬಿಗೆ ಮುಳ್ಳು, ಅವನ ತಲೆಗೂ ಮುಳ್ಳು."

"ಟಗರು ಟಗರೇ! ಈಗಷ್ಟೇ ಇಸಾಕ ಕ್ರಿಸ್ತ ಅಂದಿರಿ, ಈಗ ಟಗರು ಕ್ರಿಸ್ತ. ಒಂದೇ ಬೆಟ್ಟದ ಮೇಲೆ ಎಷ್ಟು ಜನ ಕ್ರಿಸ್ತರು ನಿಮಗೆ?"

ಇಬ್ಬರೂ ವಾಸಣ್ಣನ ತಲೆಯ ಮೇಲಿಂದ ಕೈ ಬೀಸಿಕೊಂಡು ವಾದಕ್ಕೆ ಬಿದ್ದರು. ವಾಸಣ್ಣನಿಗೆ ಅಳು ಬರುವುದೊಂದು ಬಾಕಿ. ಒಂದೇ ಕಥೆಯಿಂದ ಎರಡು ನುಡಿ ಬಂದರೆ ಭಕ್ತ ಯಾವುದಕ್ಕೆ ತಲೆಬಾಗುವುದು? ತೆಗೆದುಕೋ ಅಂತಲೂ ಆಯಿತು, ಮುಟ್ಟಬೇಡ ಅಂತಲೂ ಆಯಿತು.

ಡೊಂಬಿವಲಿಗೆ ವಾಪಸು ಹೋಗುವ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕೂತು ಅವನು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಮುಂಬ್ರಾ ಬರುವಾಗ ಟಗರಿನ ಪಕ್ಷಕ್ಕೆ ಸೇರಿದ್ದ. ಆಸ್ಪತ್ರೆಯವರು ಮೊದಲೇ ಅವನ ಹೆಸರನ್ನು ಇನ್ನೊಂದು ಸಾಲಿನಲ್ಲೂ ಬರೆಸಿದ್ದರು. ಯಾರದ್ದಾದರೂ ಮಿದುಳು ಸತ್ತು, ಮನೆಯವರು ಒಪ್ಪಿದರೆ, ಸರದಿ ಪ್ರಕಾರ ಕಿಡ್ನಿ ಬರುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಯುತ್ತೇನೆ, ದೇವರಿಗೆ ಬೇಕಿದ್ದರೆ ಟಗರು ಕಳಿಸುತ್ತಾನೆ, ಅಂದುಕೊಂಡ. ಡೊಂಬಿವಲಿಯಲ್ಲಿ ಇಳಿಯುವಾಗ ಮನಸ್ಸು ಹಗುರಾಗಿತ್ತು.

ಮನೆಯಲ್ಲಿ ಹೇಳಿದ್ದೇ ತಡ, ಪ್ರಫುಲ್ಲಾ ಮೈಮೇಲೆ ಬಂದವಳ ಹಾಗೆ ಎದ್ದಳು. "ಎಂತ ಟಗರು? ಯಾವ ಗುಡ್ಡೆಯಿಂದ ಬರ್ತದೆ ನಿಮ್ಮ ಟಗರು? ನಾನು ಇಲ್ಲಿ ಬೆಳ್ಳಿ ಕಿಡ್ನಿ ಮಾಡಿಸ್ತೇನೆಂದು ಹರಕೆ ಹೇಳಿ ಕೂತಿದ್ದೇನೆ. ಆ ಅಕ್ಕಸಾಲಿಗನ ಹತ್ತಿರ ಕಣ್ಣುಂಟು, ಕಾಲುಂಟು, ಕಿಡ್ನಿಯ ಅಚ್ಚು ಇಲ್ಲ. ಗೇರುಬೀಜದ ಹಾಗೆ ಮಾಡ್ಕೊಡು ಮಾರಾಯ ಅಂತ ಅಂಗಲಾಚಿ ಬಂದೆ. ಇವರು ಅಲ್ಲಿ ಯಾರದ್ದೋ ಕಥೆ ಕೇಳಿ ಬಂದು ಬೇಡ ಅಂತಾರೆ! ದೇವರ ಕಥೆ ಕೇಳಿ ಬದುಕಿದವರನ್ನು ಕಂಡಿದ್ದೇನೆ, ಸಾಯಲಿಕ್ಕೆ ಹೊರಟವರನ್ನು ಈಗಲೇ ನೋಡಿದ್ದು."

"ಪಪ್ಪಾ, ಡ್ರಾಮಾ ಮತ್ ಕರೋ ಯಾರ್," ಅಂದ ಸಮಿತ್. "ಛೋಟಾ ಆಪರೇಶನ್ ಹೈ. ಮೈ ರೆಡಿ ಹ್ಞೂ ನಾ."

ಅವನು ನಗುತ್ತಲೇ ಅಂದದ್ದು. ವಾಸಣ್ಣ ಮಾತ್ರ ಜಗ್ಗಲಿಲ್ಲ. ಪ್ರಫುಲ್ಲಾ ಮಾತು ಬಿಟ್ಟಳು, ಊಟವನ್ನು ತಟ್ಟೆಯಲ್ಲಿ ಕುಕ್ಕಿ ಕೊಡಲು ಶುರುಮಾಡಿದಳು. ಈಸ್ಟರ್ ಬಂತು, ಹೋಯಿತು. ಮಾಸ್ತರರ ಪ್ರಸಂಗ ಚೆನ್ನಾಗಾಯಿತಂತೆ, ಜನ ಕಣ್ಣೊರೆಸಿಕೊಂಡರಂತೆ. ವಾಸಣ್ಣನ ಕಾಲು ಮಾತ್ರ ದಿನೇ ದಿನೇ ಊದತೊಡಗಿತು. ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಇನ್ನು ಹೆಚ್ಚು ಕಾಯುವಂತಿಲ್ಲ ಅಂತ ಡಾಕ್ಟರು ಗದರಿದರು. ಹೆದರಿಕೆ ಆಗಲಿಲ್ಲವೇ ಅಂದರೆ, ಆಯಿತು. ಚೆನ್ನಾಗಿಯೇ ಆಯಿತು. ಮಗನ ಎದುರು ಮಾತ್ರ ಬಾಯಿ ಬಿಡಲಿಲ್ಲ.

ಹಾಗಿರುವಾಗ ಒಂದು ದಿನ ಬೆಳಿಗ್ಗೆ, ಸಮಿತ್ ಆಫೀಸಿಗೆ ಹೊರಟು ನಿಂತಿದ್ದ ಹೊತ್ತಿಗೆ, ಆಸ್ಪತ್ರೆಯಿಂದ ಫೋನು. ಕಿಡ್ನಿ ಸಿಕ್ಕಿದೆ, ಬ್ಲಡ್ ಗ್ರೂಪ್ ಹೊಂದುತ್ತದೆ, ಏನೂ ತಿನ್ನದೆ ಕೂಡಲೇ ಹೊರಟು ಬನ್ನಿ.

ಫೋನು ಎತ್ತಿದ್ದು ಸಮಿತ್. ಕೇಳಿ ಮುಗಿಸಿ ಅಪ್ಪನಿಗೆ ವಿಷಯ ಹೇಳಿದ. ಹೇಳಿದವನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಾಗೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಸಣ್ಣವನಿದ್ದಾಗ ಇಂಜೆಕ್ಷನ್ನಿಗೆ ಅಳುತ್ತಿದ್ದ ಅದೇ ಅಳು. ಪ್ರಫುಲ್ಲಾ ಖುಷಿಗೆ ಅಳುತ್ತಿದ್ದಾನೆ ಅಂದುಕೊಂಡಳು. ವಾಸಣ್ಣನಿಗೆ ಗೊತ್ತಾಯಿತು, ಇದು ಜೀವ ಬಂದ ಅಳು. ಇಷ್ಟು ದಿನ ಛೋಟಾ ಆಪರೇಶನ್, ಡ್ರಾಮಾ ಮತ್ ಕರೋ ಅಂದದ್ದೆಲ್ಲ ಬರೀ ಮೇಲಿನ ಮಾತು. ಹುಡುಗ ಒಳಗೊಳಗೇ ಹೆದರಿ ಸತ್ತಿದ್ದ. ಹೆದರಿಕೊಂಡೂ ಕೊಡಲು ನಿಂತಿದ್ದನಲ್ಲ! ವಾಸಣ್ಣ ಮಗನ ತಲೆ ಸವರಿ, "ಆಯ್ತು ಮಗಾ, ಆಯ್ತು. ಇನ್ನು ನಿನ್ನ ಸುದ್ದಿಗೆ ಯಾರೂ ಬರುದಿಲ್ಲ" ಅಂದ.

ಓಲಾದಲ್ಲಿ ಹೋಗುತ್ತ ಸೆಂಟರಿಗೆ ಫೋನು ಹಚ್ಚಿದ. ಅವತ್ತು ಅವರೆಲ್ಲರ ಡಯಾಲಿಸಿಸ್ ದಿನ, ಇವನ ಕುರ್ಚಿಯೊಂದೇ ಖಾಲಿ. ಮಗನ ಕಿಡ್ನಿ ಬೇಡ, ಟಗರಿಗೆ ಕಾಯುತ್ತೇನೆ ಅಂತ ವಾಸಣ್ಣ ಇಬ್ಬರಿಗೂ ಮೊದಲೇ ಹೇಳಿದ್ದ. ನಿಶ್ಮಿತಾ ಫೋನನ್ನು ಸ್ಪೀಕರಿಗೆ ಹಾಕಿ ನಡುವೆ ಹಿಡಿದಳು. "ಬಂತು ನೋಡಿ ಟಗರು! ನಾನು ಹೇಳಿರಲಿಲ್ಲವಾ?" ಅಂತ ಪೆಣಕರರು ಕೂಗಿದರು. "ಕೃಪೆ ವಾಸು, ಬರೀ ಕೃಪೆ! ನಿಮ್ಮ ಬದಲಿಗೆ ಒಬ್ಬ ಬಂದ" ಅಂದರು ಮಾಸ್ತರರು. ಮೊದಲ ಸಲ ಇಬ್ಬರೂ ಒಂದೇ ಕಡೆ ನಿಂತಿದ್ದರು. ವಾಸಣ್ಣ ಮಗುವಿನ ಹಾಗೆ ನಕ್ಕ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕಿಡ್ನಿ ಇವನ ಮೈಗೆ ಹೊಂದುತ್ತದೋ ಇಲ್ಲವೋ ಅಂತ ನೋಡಲು ಹೊತ್ತು ಬೇಕು, ಕಾಯಿರಿ ಅಂದರು. ಹಸಿರು ಅಂಗಿ ಹಾಕಿಸಿ, ಕೈಗೆ ಪಟ್ಟಿ ಕಟ್ಟಿ, ಐಸಿಯು ಹೊರಗಿನ ಓಣಿಯಲ್ಲಿ ಕೂರಿಸಿದರು. ಪ್ರಫುಲ್ಲಾ ದುಡ್ಡಿನ ಕೌಂಟರಿಗೆ ಹೋದಳು. ಸಮಿತ್ ಚಾ ತರುತ್ತೇನೆಂದು ಎದ್ದ.

ಎದುರಿನ ಬೆಂಚಿನಲ್ಲಿ ಒಬ್ಬ ಮನುಷ್ಯ ಕೂತಿದ್ದ. ವಾಸಣ್ಣನಿಗಿಂತ ಸಣ್ಣವನೇ. ಆಫೀಸಿನ ಐಡಿ ಕಾರ್ಡು ಇನ್ನೂ ಕೊರಳಲ್ಲಿತ್ತು, ಅಂಗಿ ಮುದ್ದೆಯಾಗಿತ್ತು. ಚಾ ಹಿಡಿದು ವಾಪಸು ಬಂದ ಸಮಿತ್ ಅವನಿಗೂ ಒಂದು ಕಪ್ಪು ಕೊಟ್ಟ. ಅವನು ಬೇಡ ಅನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಸಮಿತ್‌ನ ಮುಖವನ್ನೇ ನೋಡಿದ.

"ಕೆಲಸಕ್ಕೆ ಹೋಗ್ತೀಯಾ?" ಅಂತ ಮರಾಠಿಯಲ್ಲಿ ಕೇಳಿದ.

"ಹೋ ಕಾಕಾ, ಐರೋಲಿ."

"ಟ್ರೇನಿನಲ್ಲಾ?"

"ಹೋ."

"ಬಾಗಿಲಲ್ಲಿ ನಿಲ್ಲಬೇಡ ಮಗನೇ. ಎಷ್ಟೇ ಗರ್ದಿ ಇರಲಿ, ಲೇಟಾದರೆ ಆಗಲಿ, ಒಳಗೆ ಹೋಗು. ಇಲ್ಲದಿದ್ದರೆ ಆ ಗಾಡಿ ಬಿಟ್ಟುಬಿಡು." ಕಪ್ಪನ್ನು ಬೆಂಚಿನ ಮೇಲಿಟ್ಟು ಹೇಳಿದ, "ನನ್ನ ಮಗ ದಿವಾ ಸ್ಟೇಶನ್ ಹತ್ತಿರ ಗಾಡಿಯಿಂದ ಬಿದ್ದ. ಎದೆ ಹೊಡ್ಕೊಳ್ತಾ ಇದೆ, ಮೈ ಬೆಚ್ಚಗಿದೆ. ತಲೆ ಮಾತ್ರ ಮುಗೀತು ಅಂತಾರೆ. ಯಾರಿಗಾದರೂ ಉಪಯೋಗ ಆಗಲಿ ಅಂತ ಸಹಿ ಹಾಕಿದೆವು. ಅವನ ಅಮ್ಮ ಒಳಗೆ ಅವನ ಕಾಲು ಒತ್ತುತ್ತಾ ಕೂತಿದ್ದಾಳೆ."

ಸಮಿತ್‌ನ ಕೈಯ ಚಾ ಚೆಲ್ಲಿತು.

ಅಯ್ಯೋ, ಇದು ತನಗೆ ಮೊದಲು ಹೊಳೆಯಲಿಲ್ಲವೇ? ಹೊಳೆದಿರಲಿಲ್ಲ ನೋಡಿ. ಸಾಲು ಅಂದರು, ಸರದಿ ಅಂದರು, ಕಿಡ್ನಿ ಬರುತ್ತದೆ ಅಂದರು. ಆ ಮಿದುಳು ಸತ್ತವನೂ ಯಾರದ್ದೋ ಮನೆಯ ಮಗ ಅಂತ ವಾಸಣ್ಣ ಒಂದು ದಿನವೂ ಯೋಚಿಸಿರಲಿಲ್ಲ. ತನ್ನ ಮಗ ಉಳಿದ ಅಂತ ಬೆಳಿಗ್ಗೆಯಿಂದ ಕುಣಿಯುತ್ತಿದ್ದ. ಉಳಿದದ್ದು ಈ ಮನುಷ್ಯನ ಮಗನ ಲೆಕ್ಕದಲ್ಲಿ. ವಾಸಣ್ಣ ಗೋಡೆ ಹಿಡಿದುಕೊಂಡು ಓಣಿಯ ತುದಿಗೆ ಹೋಗಿ, ಪುನಃ ಫೋನು ಮಾಡಿದ. ಅಲ್ಲಿ ಇನ್ನೂ ರಕ್ತ ತೊಳೆಯುವುದು ಮುಗಿದಿರಲಿಲ್ಲ.

"ಮಾಸ್ತರೇ, ಪೆಣಕರ್ ಕಾಕಾ, ಇಬ್ಬರೂ ಕೇಳಿ," ಅಂದ. "ಆ ಟಗರಿಗೆ ಅಪ್ಪ ಇರಲಿಲ್ವಾ?"

ಮಾಸ್ತರರು ಗಂಟಲು ಸರಿಮಾಡಿಕೊಂಡರು, ಮಾತು ಹೊರಡಲಿಲ್ಲ. ಬಾಗಿಲಿಗೆ, ದೀಪಕ್ಕೆ, ರೊಟ್ಟಿಗೆ, ತೆರೆಗೆ ಅರ್ಥ ಹೇಳಿದ ಮನುಷ್ಯ! ಪೆಣಕರರು, "ಅದನ್ನು ಯಾರೂ ಬರೆದಿಟ್ಟಿಲ್ಲ ವಾಸುಶೇಠ್" ಅಂದರು. ಇವನು ಫೋನು ಇಟ್ಟ.

ಹಿಂದಿನಿಂದ ಆಸ್ಪತ್ರೆಯ ಮೇಡಮ್ ಹುಡುಕಿಕೊಂಡು ಬಂದಳು. ಹೊಂದುತ್ತದೆ ಅಂಕಲ್, ನಿಮ್ಮ ಲಕ್ ಚೆನ್ನಾಗಿದೆ, ಸಹಿ ಹಾಕಿ, ಥಿಯೇಟರ್ ತಯಾರಿದೆ ಅಂದಳು.

"ನಾನು ಬೇಡ ಅಂದರೆ?"

ಅವಳು ಗಾಬರಿಯಾದಳು. "ಬೇಡ ಅಂದರೆ ಸಾಲಿನಲ್ಲಿ ಮುಂದಿನವರಿಗೆ ಹೋಗ್ತದೆ. ಆ ಹುಡುಗ ಅಂತೂ ವಾಪಸು ಬರೋದಿಲ್ಲ ಅಂಕಲ್. ಬೇಗ ಹೇಳಿ."

ಏನು ಹೇಳುವುದು? ಹೂಂ ಅಂದರೆ ಆ ಅಪ್ಪನ ಎದುರೇ ಅವನ ಮಗನನ್ನು ದೋಚಿದ ಹಾಗೆ. ಬೇಡ ಅಂದರೆ ಅವನು ಕೊಟ್ಟದ್ದನ್ನು ಕಾಲಿನಿಂದ ಒದ್ದ ಹಾಗೆ. ಆಗ ಪುನಃ ಚಪ್ಪ‌ಲಿ ಸ್ಟ್ಯಾಂಡಿನ ಮೇಲೆ ಕೂತು ಅತ್ತ ಸಮಿತ್‌ನ ಸರದಿ ಬರುತ್ತದೆ, ಇಲ್ಲದಿದ್ದರೆ ತನ್ನ ಉತ್ತರಕ್ರಿಯೆ, ಬೊಜ್ಜ. ವಾಸಣ್ಣನಿಗೆ ದಿಕ್ಕೇ ತೋಚಲಿಲ್ಲ. ಅಪ್ಪಣೆ ಕೊಡಲು ಅಲ್ಲಿ ಯಾವ ದೈವವೂ ಇರಲಿಲ್ಲ, ಯಾವ ಗ್ರಂಥವೂ ಬಾಯಿ ತೆರೆಯಲಿಲ್ಲ. ಇದ್ದದ್ದು ಬೆಂಚಿನ ಮೇಲೆ ಕೂತ ಒಬ್ಬನೇ ಒಬ್ಬ ಮನುಷ್ಯ. ವಾಸಣ್ಣ ಅವನ ಹತ್ತಿರವೇ ಹೋಗಿ ಪಕ್ಕದಲ್ಲಿ ಕೂತ.

ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಅಂತ ಒಬ್ಬರಿಗೊಬ್ಬರು ತಿಳಿಯಬಾರದು ಅನ್ನುವುದು ಆಸ್ಪತ್ರೆಯ ನಿಯಮ. ಆದರೂ ಆ ಮನುಷ್ಯ ವಾಸಣ್ಣನ ಹಸಿರು ಅಂಗಿ ನೋಡಿದ, ಕೈಯ ಪಟ್ಟಿ ನೋಡಿದ, ಸೂಜಿ ಚುಚ್ಚಿ ಚುಚ್ಚಿ ಹಗ್ಗದ ಹಾಗೆ ಉಬ್ಬಿದ ನರ ನೋಡಿದ. ದೂರದಲ್ಲಿ ಕಾಗದ ಹಿಡಿದು ಕಾಯುತ್ತಿದ್ದ ಮೇಡಮ್‌ನ ಕಡೆಗೂ ಒಮ್ಮೆ ನೋಡಿದ. ವಾಸಣ್ಣ ತಲೆ ತಗ್ಗಿಸಿದ. ಹೊಡೆದರೆ ಹೊಡೆಸಿಕೊಳ್ಳುವುದು ಅಂದುಕೊಂಡ, ಬೈದರೆ ಬೈಸಿಕೊಳ್ಳುವುದು.

"ಅವನಿಗೆ ನೀರು ಕುಡಿಯುವುದೇ ನೆನಪಿರುತ್ತಿರಲಿಲ್ಲ," ಅಂದ ಆ ಮನುಷ್ಯ. "ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೇ ವಾಪಸು ಬರ್ತಿತ್ತು. ಕಿಡ್ನಿ ಕೆಡ್ತದೆ ಅಂತ ಅವನ ಅಮ್ಮ ದಿನಾ ಬೈತಿದ್ದಳು." ಅವನು ವಾಸಣ್ಣನ ಊದಿದ ಕೈಯನ್ನು ಮೆತ್ತಗೆ ಹಿಡಿದುಕೊಂಡ. "ನೀವು ನೀರು ಚೆನ್ನಾಗಿ ಕುಡೀರಿ ಕಾಕಾ."

ಡಾಕ್ಟರು ಬೇಡ ಅಂದದ್ದಕ್ಕೆ ವಾಸಣ್ಣ ಒಂದು ಲೋಟ ನೀರನ್ನು ಪೂರ್ತಿ ಕುಡಿದು ಎರಡು ವರ್ಷದ ಮೇಲಾಗಿತ್ತು. ಇಷ್ಟು ಕಾಲ ಠಾಣೆಯಲ್ಲಿ ವ್ಯಾಪಾರ ಮಾಡಿದವನು, ಮರಾಠಿಯ ಒಂದು ಶಬ್ದವೂ ಆಗ ಬಾಯಿಗೆ ಬರಲಿಲ್ಲ.

"ಕುಡೀತೇನೆ," ಅಂದ ಕನ್ನಡದಲ್ಲೇ. "ಕುಡೀತೇನೆ ಮಾರಾಯ."

ಆ ಮನುಷ್ಯನಿಗೆ ಅರ್ಥವಾಯಿತೋ ಏನೋ, ತಲೆಯಾಡಿಸಿದ. ವಾಸಣ್ಣ ಎದ್ದು ಹೋಗಿ ಸಹಿ ಹಾಕಿದ.